ಗಂಟಲಮಾರಿಯ ವಿಷ ಮುರಿದವನು

ನಮ್ಮ ಸಂಘದ ಸಂಚಿಕೆಗೆ ಜೀವನಚಿತ್ರ ಬರೆಯಿರಿ ಅಂದರೆ ಎಲ್ಲರೂ ಕವಿಗಳ ಕಡೆಗೇ ಓಡುತ್ತಾರೆ. ಸೂಕ್ಷ್ಮಜೀವಿಶಾಸ್ತ್ರ ಓದುವ ನಾನು ಎಲ್ಲಿಗೆ ಓಡಲಿ? ನನಗೆ ಸಿಕ್ಕವನು ಎಮಿಲ್ ಬೆಹ್ರಿಂಗ್. ಮೊದಲೇ ಹೇಳಿಬಿಡ್ತೀನಿ, ಮನುಷ್ಯನಾಗಿ ಈತ ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಈತನ ಒಂದು ವಿಚಾರ ಮಾತ್ರ ತಲೆಯಿಂದ ಇಳಿಯುತ್ತಿಲ್ಲ.

ಹುಟ್ಟಿದ್ದು 1854ರಲ್ಲಿ, ಆಗಿನ ಪ್ರಷ್ಯಾದ ಹಾನ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಮಾಸ್ತರರು, ಮನೆ ತುಂಬ ಮಕ್ಕಳು. ವೈದ್ಯಕೀಯ ಓದಲು ದುಡ್ಡೆಲ್ಲಿ? ಬರ್ಲಿನ್ನಿನ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ಪುಕ್ಕಟೆ ಓದಬಹುದಿತ್ತು. ಬದಲಿಗೆ ವರ್ಷಗಟ್ಟಲೆ ಸೈನ್ಯದ ಚಾಕರಿ ಮಾಡಬೇಕು. ಹುಡುಗ ಒಪ್ಪಿಕೊಂಡ.

ರೋಗಾಣುಗಳನ್ನು ಏನಾದರೂ ರಾಸಾಯನಿಕದಿಂದ ಕೊಲ್ಲಬೇಕೆಂದು ವೈದ್ಯರೆಲ್ಲ ಹವಣಿಸುತ್ತಿದ್ದ ಕಾಲ ಅದು. ಆದರೆ ಮೈಯೊಳಗಿನ ರೋಗಾಣು ಸಾಯುವಷ್ಟು ಮದ್ದು ಕೊಟ್ಟರೆ ಅದಕ್ಕೂ ಮೊದಲು ರೋಗಿಯೇ ಸಾಯುತ್ತಿದ್ದ! ಗಾಯಕ್ಕೆ ಹಾಕುವ ಅಯೊಡೊಫಾರ್ಮ್ ಮೇಲೆ ಕೆಲಸ ಮಾಡುತ್ತಿದ್ದ ಬೆಹ್ರಿಂಗ್‌ಗೆ ಬೇರೆಯೇ ಒಂದು ಸಂಗತಿ ಕಂಡಿತು. ಅದು ರೋಗಾಣುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ರೋಗಾಣು ಹೊರಹಾಕಿದ ವಿಷವನ್ನು ಮುರಿಯುತ್ತಿತ್ತು. ಅವನ ಬಾಳಿನ ತಿರುವು ಇದೇ ಅಂತ ನನ್ನ ಅಭಿಪ್ರಾಯ.

1888ರಲ್ಲಿ ಪ್ಯಾರಿಸಿನ ರೂ ಮತ್ತು ಯೆರ್ಸಿನ್, ಗಂಟಲಮಾರಿಯಲ್ಲಿ, ಅಂದರೆ ಡಿಫ್ತೀರಿಯಾದಲ್ಲಿ, ಕೇಡು ಮಾಡುವುದು ರೋಗಾಣುವಿನ ವಿಷ ಎಂದು ತೋರಿಸಿದರು. ರೋಗಾಣು ಗಂಟಲಲ್ಲೇ ಇರುತ್ತದೆ. ವಿಷ ರಕ್ತದಲ್ಲಿ ಹರಿದು ಹೃದಯಕ್ಕೆ ತಟ್ಟುತ್ತದೆ. ಅಷ್ಟರಲ್ಲಿ ಬೆಹ್ರಿಂಗ್ ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್‌ನ ಪ್ರಯೋಗಶಾಲೆ ಸೇರಿದ್ದ. ಅಲ್ಲಿ ಜಪಾನಿನ ಕಿಟಸಾಟೊ ಜೊತೆಯಾದ. ಪ್ರಾಣಿಯೊಂದನ್ನು ವಿಷ ತಾಳಿಕೊಳ್ಳುವಂತೆ ಪಳಗಿಸುವುದು, ಅದರ ರಕ್ತದಿಂದ ತಿಳಿಯಾದ ಸೀರಮ್ ತೆಗೆಯುವುದು, ಅದನ್ನು ಇನ್ನೊಂದು ಪ್ರಾಣಿಗೆ ಚುಚ್ಚುವುದು. ಆ ಎರಡನೆಯದೂ ವಿಷಕ್ಕೆ ಜಗ್ಗಲಿಲ್ಲ! ಗಂಟಲಮಾರಿ, ಧನುರ್ವಾಯು ಎರಡಕ್ಕೂ ಇದು ಸಲ್ಲುತ್ತದೆಂದು 1890ರ ಡಿಸೆಂಬರಿನಲ್ಲಿ ಇಬ್ಬರೂ ಪ್ರಕಟಿಸಿದರು. ಆ ಸೀರಮ್‌ನಲ್ಲಿದ್ದ ಪ್ರತಿವಿಷವನ್ನೇ ಇಂದು ನಾವು ಪ್ರತಿಕಾಯ ಎನ್ನುವುದು.

ಆದರೆ ಇಲಿಯಿಂದ ಎಷ್ಟು ಸೀರಮ್ ಬಂದೀತು? ಕುದುರೆ ಬೇಕಾಯಿತು. (ನಮ್ಮ ಪರೇಲಿನ ಹಾಫ್ಕಿನ್ ಸಂಸ್ಥೆ ಹಾವಿನ ವಿಷಕ್ಕೆ ಮದ್ದು ಮಾಡಿದ್ದೂ ಕುದುರೆಯ ರಕ್ತದಿಂದಲೇ.) ಸೀರಮ್‌ನ ಬಲವನ್ನು ಅಳೆಯುವ ದಾರಿ ಹುಡುಕಿದವನು ಪಾಲ್ ಎಹ್ರ್ಲಿಖ್, ಅವನಿಲ್ಲದೆ ಇದು ಅಂಗಡಿಗೆ ಬರುವ ಮದ್ದಾಗುತ್ತಿರಲಿಲ್ಲ. 1894ರಲ್ಲಿ ರೂ ಪ್ಯಾರಿಸಿನ ಆಸ್ಪತ್ರೆಯಲ್ಲಿ ಮುನ್ನೂರು ಮಕ್ಕಳಿಗೆ ಕುದುರೆ ಸೀರಮ್ ಕೊಟ್ಟ. ಮೊದಲು ಸುಮಾರು ಅರ್ಧದಷ್ಟು ಮಕ್ಕಳು ಸಾಯುತ್ತಿದ್ದಲ್ಲಿ ಸಾವು ಕಾಲುಭಾಗಕ್ಕೆ ಇಳಿಯಿತು.

1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬೆಹ್ರಿಂಗ್‌ಗೆ, ಅವನೊಬ್ಬನಿಗೇ. ಕಿಟಸಾಟೊ? ಇಲ್ಲ. ಎಹ್ರ್ಲಿಖ್ ಜೊತೆಗಿನ ಸ್ನೇಹವೂ ಅಷ್ಟರಲ್ಲಿ ಮುರಿದಿತ್ತು. ಮಾಸ್ತರರ ಮಗ ಕಾರ್ಖಾನೆಯ ಧಣಿಯಾದ. ನನಗೆ ಹಿಡಿಸದ ಭಾಗ ಇದು. ಕ್ಷಯಕ್ಕೂ ಮದ್ದು ಹುಡುಕಹೋಗಿ ಸೋತ. 1917ರಲ್ಲಿ ಮಾರ್ಬರ್ಗ್‌ನಲ್ಲಿ ತೀರಿಕೊಂಡ.

ಆಮೇಲೆ ಸಲ್ಫಾ ಬಂತು, ಪೆನಿಸಿಲಿನ್ ಬಂತು. ನ್ಯೂಮೋನಿಯಾಕ್ಕೆಂದು ಮಾಡಿದ್ದ ಸೀರಮ್ ಮೂಲೆಗೆ ಬಿತ್ತು. ಅದು ಸಹಜವೇ: ಕುದುರೆ ಸೀರಮ್ ಚುಚ್ಚಿಸಿಕೊಂಡ ಕೆಲವರಿಗೆ ಜ್ವರ, ದದ್ದು, ಕೀಲುನೋವು ಕಾಡುತ್ತಿದ್ದವು. ಆದರೆ ಈಗ ಆ್ಯಂಟಿಬಯೋಟಿಕ್‌ಗಳಿಗೆ ರೋಗಾಣುಗಳು ಬಗ್ಗದಂತಾಗಿವೆ. ಆ್ಯಂಟಿಬಯೋಟಿಕ್ ಕೊಂದಾಗ ತಪ್ಪಿಸಿಕೊಂಡ ಗಟ್ಟಿ ಪಿಂಡಗಳೇ ಬೆಳೆದು ಹಬ್ಬುತ್ತವೆ. ವಿಷವನ್ನು ಹಿಡಿಯುವ ಪ್ರತಿಕಾಯ ರೋಗಾಣುವನ್ನು ಕೊಲ್ಲಹೋಗುವುದಿಲ್ಲ; ಹಾಗಾಗಿ ಅಂಥ ಒತ್ತಡ ಕಡಿಮೆ. 2016ರಲ್ಲಿ ಅಮೆರಿಕ ಬೆಜ್ಲೊಟಾಕ್ಸುಮ್ಯಾಬ್ ಎಂಬ ಪ್ರತಿಕಾಯಕ್ಕೆ ಒಪ್ಪಿಗೆ ಕೊಟ್ಟಿತು. ಆ್ಯಂಟಿಬಯೋಟಿಕ್ ಸೇವನೆಯ ಬೆನ್ನಿಗೇ ಕರುಳಲ್ಲಿ ತಲೆಯೆತ್ತುವ ಡಿಫಿಸೀಲ್ ಎಂಬ ರೋಗಾಣುವಿನ ವಿಷವನ್ನು ಅದು ಹಿಡಿಯುತ್ತಿತ್ತು. ಅದನ್ನು ಕೊಡುತ್ತಿದ್ದದ್ದು ಆ್ಯಂಟಿಬಯೋಟಿಕ್ ಜೊತೆಗೇ, ಬೇನೆ ಮರುಕಳಿಸದಿರಲೆಂದು. 2025ರಲ್ಲಿ ತಯಾರಕರು ಅದನ್ನು ನಿಲ್ಲಿಸಿಬಿಟ್ಟರು. ವಿಚಾರ ಒಳ್ಳೆಯದಾದ ಮಾತ್ರಕ್ಕೆ ಮದ್ದು ಮಾರುಕಟ್ಟೆಯಲ್ಲಿ ಉಳಿಯುತ್ತದೆಂದೇನಿಲ್ಲ, ನೋಡಿ.

ಗಂಟಲಮಾರಿಗಂತೂ ಇಂದಿಗೂ ಎರಡೂ ಬೇಕು. ರೋಗಾಣುವಿಗೆ ಆ್ಯಂಟಿಬಯೋಟಿಕ್, ವಿಷಕ್ಕೆ ಕುದುರೆಯ ಪ್ರತಿವಿಷ. ರಕ್ತದಲ್ಲಿ ತೇಲುವ ವಿಷವನ್ನು ಪ್ರತಿವಿಷ ಹಿಡಿಯಬಲ್ಲದು. ಜೀವಕೋಶದ ಒಳಹೊಕ್ಕದ್ದನ್ನು ಹಿಡಿಯಲಾರದು. ಅದಕ್ಕೇ ಗುಮಾನಿ ಬಲವಾಗಿದ್ದರೆ ವೈದ್ಯರು ಪ್ರಯೋಗಶಾಲೆಯ ವರದಿಗೆ ಕಾಯುತ್ತ ಕೂರುವುದಿಲ್ಲ, ಚುಚ್ಚಿಯೇ ಬಿಡುತ್ತಾರೆ.