ರಿಚರ್ಡ್ ಟ್ರೆವಿಥಿಕ್

ಉಗಿಬಂಡಿಯೆಂದೊಡನೆ ನಾವು ಜಾರ್ಜ್ ಸ್ಟೀಫನ್‌ಸನ್ನನನ್ನು ನೆನೆಯುತ್ತೇವೆ. ಅವನಿಗಿಂತ ಮುಂಚೆಯೇ ಹಳಿಯ ಮೇಲೆ ಉಗಿಬಂಡಿಯನ್ನು ಓಡಿಸಿದ ಟ್ರೆವಿಥಿಕ್‌ನ ಬಾಳನ್ನು ಇಲ್ಲಿ ಹೇಳಬಯಸುತ್ತೇನೆ.

1771ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದ ಈತ ಬೆಳೆದದ್ದು ಗಣಿಗಳ ನಡುವೆ. ಗಣಿಯ ನೀರೆತ್ತುತ್ತಿದ್ದ ಜೇಮ್ಸ್ ವಾಟನ ಯಂತ್ರಗಳು ಮನೆಯಷ್ಟು ದೊಡ್ಡವು. ಅವುಗಳಲ್ಲಿ ಉಗಿಯ ಒತ್ತಡವೋ ತೀರ ಕಡಿಮೆ. ಒತ್ತಡ ಹೆಚ್ಚಿಸುವುದು ಅಪಾಯವೆಂದು ವಾಟನ ಮತ. ಟ್ರೆವಿಥಿಕ್ ಗಟ್ಟಿಯಾದ ಬಾಯ್ಲರು ಮಾಡಿ ಒತ್ತಡವನ್ನು ಹೆಚ್ಚಿಸಿಯೇಬಿಟ್ಟನು. ಯಂತ್ರ ಕಿರಿದಾಯಿತು; ಚಕ್ರಗಳನ್ನೇರಿ ತಾನೇ ಓಡುವಂತಾಯಿತು.

1804ರ ಫೆಬ್ರವರಿ 21ರಂದು ವೇಲ್ಸಿನ ಪೆನಿಡ್ಯಾರೆನ್‌ನಲ್ಲಿ ಅವನ ಬಂಡಿಯು 10 ಟನ್ ಕಬ್ಬಿಣವನ್ನೂ 70 ಜನರನ್ನೂ ಸುಮಾರು 9 ಮೈಲಿ ಎಳೆದೊಯ್ದಿತು. ಆದರೆ ಅದರ ಭಾರಕ್ಕೆ ಎರಕದ ಕಬ್ಬಿಣದ ಹಳಿಗಳು ಮುರಿದವು. 1808ರಲ್ಲಿ ಲಂಡನ್ನಿನಲ್ಲಿ ಮತ್ತೊಂದು ಬಂಡಿಯನ್ನು ಪ್ರದರ್ಶಿಸಿದನು, ಹಣ ಹುಟ್ಟಲಿಲ್ಲ. 1816ರಲ್ಲಿ ಪೆರುವಿನ ಬೆಳ್ಳಿಗಣಿಗಳಿಗೆ ಹೊರಟವನು 1827ರಲ್ಲಿ ಬರಿಗೈಯಲ್ಲಿ ಮರಳಿದನು. ಎರಡೇ ವರ್ಷಗಳಲ್ಲಿ ಸ್ಟೀಫನ್‌ಸನ್ನರ ‘ರಾಕೆಟ್’ ಜಗತ್ತನ್ನು ಬೆರಗುಗೊಳಿಸಿತು.

1833ರಲ್ಲಿ ಡಾರ್ಟ್‌ಫರ್ಡಿನಲ್ಲಿ ಆತ ತೀರಿಕೊಂಡಾಗ ಕಾರ್ಖಾನೆಯ ಜೊತೆಗಾರರೇ ಹಣ ಕೂಡಿಸಿ ಮಣ್ಣುಮಾಡಿದರು. ಸೋತದ್ದು ಹಳಿಯೇ ಹೊರತು ಅವನ ಯಂತ್ರವಲ್ಲ. ಕಾಲಕ್ಕಿಂತ ಮುಂದೆ ನಡೆದವನಿಗೆ ದಾರಿಯೂ ಸಿದ್ಧವಾಗಿರಬೇಕಷ್ಟೆ! ಅದಿಲ್ಲದೆಯೂ ನಡೆದನೆಂಬುದೇ ನನಗೆ ಅವನ ಹಿರಿಮೆಯಾಗಿ ಕಾಣುತ್ತದೆ.