ಮಹಮೂದ್ ಗವಾನ್

ಬೀದರ ನಗರದ ನಡುವೆ ಚೌಬಾರಾ ಎಂಬ ದುಂಡನೆಯ ಗೋಪುರವಿದೆ. ನಾಲ್ಕು ದಿಕ್ಕುಗಳ ಬೀದಿಗಳು ಅಲ್ಲಿ ಬಂದು ಕೂಡುತ್ತವೆ. ಅಲ್ಲಿಂದ ಕೋಟೆಯ ಕಡೆಗೆ ಸಾಗಿದರೆ ಭವ್ಯವಾದ ವಿದ್ಯಾಲಯವೊಂದು ಕಾಣಿಸುತ್ತದೆ. ಅದನ್ನು ಕಟ್ಟಿಸಿದವನು ಅರಸನಲ್ಲ. ದೂರದೇಶದಿಂದ ವ್ಯಾಪಾರಕ್ಕಾಗಿ ಬಂದು ಈ ನಾಡಿನವನೇ ಆಗಿಹೋದ ಮಹಮೂದ್ ಗವಾನ್.

ಗವಾನನು 1411ರ ಸುಮಾರಿಗೆ ಪರ್ಷಿಯಾದ ಗೀಲಾನ್ ಪ್ರಾಂತದಲ್ಲಿ ಜನಿಸಿದನು. ಸ್ವದೇಶವನ್ನು ತೊರೆದು, ಅನೇಕ ದೇಶಗಳಲ್ಲಿ ವ್ಯಾಪಾರ ಮಾಡುತ್ತ, 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿಳಿದು ಬೀದರಿಗೆ ಬಂದನು. ಆಗ ಬೀದರ ಬಹಮನಿ ರಾಜ್ಯದ ರಾಜಧಾನಿ. ಅದರ ಪೇಟೆಗಳಲ್ಲಿ ಕುದುರೆಗಳೂ ಪಟ್ಟೆವಸ್ತ್ರಗಳೂ ಮಾರಾಟವಾಗುತ್ತಿದ್ದವು. ಕನ್ನಡ, ಮರಾಠಿ, ತೆಲುಗು ಸೀಮೆಗಳ ಜನರೊಡನೆ ಪರದೇಶದ ವರ್ತಕರೂ ವಿದ್ವಾಂಸರೂ ಅಲ್ಲಿ ಸೇರುತ್ತಿದ್ದರು. ಅದೇ ಶತಮಾನದಲ್ಲಿ ಇಲ್ಲಿಗೆ ಬಂದ ರಷ್ಯಾದ ವರ್ತಕ ನಿಕಿತಿನ್, ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೆ ಕಂಡು ಬರೆದಿಟ್ಟನು.

ಗವಾನನ ಜ್ಞಾನಕ್ಕೂ ನಡತೆಗೂ ಮೆಚ್ಚಿದ ಸುಲ್ತಾನರು ಅವನಿಗೆ ಉನ್ನತ ಪದವಿಗಳನ್ನು ಕೊಟ್ಟರು. ಬಾಲಕರಾದ ಅರಸರ ಕಾಲದಲ್ಲಿ ರಾಜಮಾತೆಯೊಡನೆ ರಾಜ್ಯಭಾರವನ್ನು ಹೊತ್ತ ಅವನು, ಮುಂದೆ ಮೂರನೆಯ ಮುಹಮ್ಮದ್ ಷಾನ ಪ್ರಧಾನಿಯಾದನು. 1472ರಲ್ಲಿ ಗೋವೆಯನ್ನು ಗೆದ್ದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಕ್ರಮಪಡಿಸಿದನು. ನಾಲ್ಕಿದ್ದ ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಪ್ರಾಂತಾಧಿಪತಿಗಳ ಬಲವನ್ನು ಕುಗ್ಗಿಸಿದನು.

ಅದೇ ವರ್ಷದ ಸುಮಾರಿಗೆ ಬೀದರಿನ ವಿದ್ಯಾಲಯ ಪೂರ್ಣಗೊಂಡಿತು. ಮೂರು ಅಂತಸ್ತಿನ ಆ ಕಟ್ಟಡದ ಮುಖಕ್ಕೆ ಬಣ್ಣಬಣ್ಣದ ಮೆರುಗಿನ ಹೆಂಚುಗಳನ್ನು ಹೊದಿಸಲಾಗಿತ್ತು. ಒಳಗೆ ಪಾಠಶಾಲೆಗಳು, ಪ್ರಾರ್ಥನಾ ಮಂದಿರ, ಗುರುಶಿಷ್ಯರ ಕೊಠಡಿಗಳು ಇದ್ದವು. ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ವಿದ್ಯಾರ್ಥಿಗಳಿಗೆ ಅನ್ನವಸ್ತ್ರಗಳು ಉಚಿತವಾಗಿ ದೊರೆಯುತ್ತಿದ್ದವು. ಪೇಟೆಯ ಗದ್ದಲದ ನಗರವು ಹೀಗೆ ವಿದ್ಯೆಯ ನಗರವೂ ಆಯಿತು.

ಆದರೆ ಆಸ್ಥಾನದಲ್ಲಿ ದಖ್ಖನಿಗಳೆಂಬ ನಾಡಿನವರಿಗೂ ಹೊರಗಿನಿಂದ ಬಂದವರಿಗೂ ವೈಷಮ್ಯವಿತ್ತು. ಗವಾನನು ಎರಡು ಪಕ್ಷಗಳಿಗೂ ಅಧಿಕಾರವನ್ನು ಸಮವಾಗಿ ಹಂಚಲು ಯತ್ನಿಸಿದನು. ಆದರೂ ಅಧಿಕಾರ ಕಳೆದುಕೊಂಡ ಸರದಾರರ ದ್ವೇಷ ಶಮನವಾಗಲಿಲ್ಲ. ಅವರು ಅವನ ಮುದ್ರೆಯಿದ್ದ ಬರಿಯ ಕಾಗದವೊಂದನ್ನು ಮೋಸದಿಂದ ಪಡೆದು, ಶತ್ರುರಾಜನಿಗೆ ಬರೆದಂತೆ ಪತ್ರವೊಂದನ್ನು ಸೃಷ್ಟಿಸಿದರು. ಪಾನಮತ್ತನಾಗಿದ್ದ ಸುಲ್ತಾನನು ವಿಚಾರಣೆಯನ್ನೇ ನಡೆಸದೆ, 1481ರ ಏಪ್ರಿಲ್ 5ರಂದು ಆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದನು.

ಬಳಿಕ ಅವನ ಭಂಡಾರವನ್ನು ಶೋಧಿಸಿದಾಗ ಸಂಪತ್ತಿನ ರಾಶಿ ದೊರೆಯಲಿಲ್ಲ. ಜಹಗೀರಿನ ಆದಾಯ ಸೈನ್ಯಕ್ಕೂ ಬಡವರಿಗೂ ಸಲ್ಲುತ್ತಿತ್ತು. ತನ್ನ ಸ್ವಂತ ವ್ಯಾಪಾರದ ಲಾಭದಿಂದಲೇ ಜೀವಿಸುತ್ತಿದ್ದ ಅವನು ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಗಳಲ್ಲಿ ಉಣ್ಣುತ್ತಿದ್ದನೆಂದು ಇತಿಹಾಸಕಾರರು ಹೇಳಿದ್ದಾರೆ. ಸತ್ಯವನ್ನರಿತ ಸುಲ್ತಾನನು ಪಶ್ಚಾತ್ತಾಪದಿಂದ ಬೆಂದು ಮರುವರ್ಷವೇ ತೀರಿಕೊಂಡನು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದಾಗಿ ಒಡೆಯಿತು.

1696ರಲ್ಲಿ ಸಿಡಿಮದ್ದಿನ ಸ್ಫೋಟದಿಂದ ವಿದ್ಯಾಲಯದ ಒಂದು ಪಾರ್ಶ್ವ ಕುಸಿಯಿತು. ಉಳಿದ ಒಂದು ಮಿನಾರು ಇಂದಿಗೂ ತಲೆಯೆತ್ತಿ ನಿಂತಿದೆ. ಭಾಲ್ಕಿ, ಔರಾದ್‌ಗಳ ಹಳ್ಳಿಗಳಿಂದ ಬೀದರಿಗೆ ಬರುವ ಮಕ್ಕಳು ಅದನ್ನು ತಲೆಯೆತ್ತಿ ನೋಡುತ್ತಾರೆ. ಅವನನ್ನು ಕೊಲ್ಲಿಸಿದ ಸರದಾರರ ಹೆಸರುಗಳನ್ನು ಜನ ಮರೆತಿದ್ದಾರೆ. ಗವಾನನ ಹೆಸರು ಅವನು ಕಟ್ಟಿಸಿದ ಶಾಲೆಯೊಡನೆ ಉಳಿದಿದೆ.