ಬೆಂಜಮಿನ್ ಫ್ರಾಂಕ್ಲಿನ್ನರ ಜೇಬಿನ ಪುಸ್ತಕ



ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಯಾರಾದರೂ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾವು ಮೊದಲು ಒಪ್ಪಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವರು ನಾವು, ಲೇಖನ ಬರೆದು ಅಭ್ಯಾಸವಿಲ್ಲ. ಆದರೆ ಹೋದ ವರ್ಷ ನಮ್ಮಿಂದ ಒಂದು ತಪ್ಪಾಯಿತು. ಬೆಳೆ ಸಾಲದ ವಾಯಿದೆ ತಲೇಲಿ ಇದೆ ಅಂತ ನಂಬಿಕೊಂಡು, ದುಡ್ಡು ಕೈಯಲ್ಲಿದ್ದೂ ಎರಡು ದಿನ ತಡವಾಗಿ ಕಟ್ಟಿದೆವು. ಬಡ್ಡಿ ರಿಯಾಯಿತಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ನಾಚಿಕೆಯೇ ಹೆಚ್ಚು. ನಿರ್ದೇಶಕರೇ ಹೀಗೆ ಮಾಡಿದರೆ ಸದಸ್ಯರಿಗೆ ಯಾವ ಬಾಯಲ್ಲಿ ಬುದ್ಧಿ ಹೇಳೋದು? ಆ ದಿನಗಳಲ್ಲಿ ಓದಲು ಸಿಕ್ಕಿದ್ದು ಫ್ರಾಂಕ್ಲಿನ್ನರ ಚರಿತ್ರೆ.

ಬೆಂಜಮಿನ್ ಫ್ರಾಂಕ್ಲಿನ್ ಅಮೆರಿಕದ ಬಾಸ್ಟನ್ ಊರಿನಲ್ಲಿ 1706ರ ಜನವರಿ 17ರಂದು ಹುಟ್ಟಿದರು. ತಂದೆ ಸಾಬೂನು, ಮೇಣದ ಬತ್ತಿ ಮಾಡಿ ಮಾರುವವರು. 17 ಮಕ್ಕಳಲ್ಲಿ ಇವರು 15ನೆಯವರು. ಶಾಲೆ ಕಂಡದ್ದು ಎರಡೇ ವರ್ಷ, ಹತ್ತು ತುಂಬುವಷ್ಟರಲ್ಲಿ ಬಿಡಿಸಿ ಅಂಗಡಿ ಕೆಲಸಕ್ಕೆ ಹಾಕಿದರು. 12ನೇ ವಯಸ್ಸಿಗೆ ಅಣ್ಣನ ಅಚ್ಚುಕೂಟ ಸೇರಿದರು. ಅಣ್ಣನ ಹೊಡೆತ ತಾಳಲಾರದೆ 1723ರಲ್ಲಿ ಊರು ಬಿಟ್ಟು ಓಡಿ ಫಿಲಡೆಲ್ಫಿಯಾ ತಲುಪಿದರು.

1728ರಲ್ಲಿ ಒಬ್ಬ ಪಾಲುದಾರನ ಜೊತೆ ಸ್ವಂತ ಅಚ್ಚುಕೂಟ ಹಾಕಿದರು. ಪಾಲುದಾರನ ತಂದೆ ಕೊಡುತ್ತೇನೆಂದ ಬಂಡವಾಳ ಪೂರ್ತಿ ಬರಲಿಲ್ಲ, ಸಾಲ ಕೊಟ್ಟವನು ಕೋರ್ಟಿಗೆ ಹೋದ. ಆಗ ಇಬ್ಬರು ಗೆಳೆಯರು, ಒಬ್ಬರಿಗೆ ಹೇಳದೆ ಇನ್ನೊಬ್ಬರು, ಬಂದು ದುಡ್ಡು ಕೊಡುತ್ತೇವೆ ಅಂದರು. ಫ್ರಾಂಕ್ಲಿನ್ ಯಾರ ಮನಸ್ಸೂ ನೋಯಬಾರದೆಂದು ಇಬ್ಬರಿಂದಲೂ ಅರ್ಧರ್ಧ ತೆಗೆದುಕೊಂಡರು. ಸಾಲಗಾರನ ಮೇಲೆ ಊರವರಿಗೆ ನಂಬಿಕೆ ಇರಬೇಕು ಅಂತ, ಕೊಂಡ ಕಾಗದವನ್ನು ತಾವೇ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು.

ಇದೇ ಕಾಲದ ಆಸುಪಾಸಿನಲ್ಲಿ ಅವರು ಒಂದು ಸಣ್ಣ ಪುಸ್ತಕ ಹೊಲಿದುಕೊಂಡರು. ತಮ್ಮಲ್ಲಿ ಬೆಳೆಸಿಕೊಳ್ಳಬೇಕಾದ ಗುಣಗಳನ್ನು ಪಟ್ಟಿ ಮಾಡಿದರು: ಮಿತವಾದ ಊಟ, ಮಿತವಾದ ಮಾತು, ಅಚ್ಚುಕಟ್ಟು, ಮಿತವ್ಯಯ, ದುಡಿಮೆ, ನ್ಯಾಯ, ಹೀಗೆ 12. ನಿಮಗೆ ಸ್ವಲ್ಪ ಜಂಬ ಇದೆ ಎಂದು ಒಬ್ಬ ಸ್ನೇಹಿತರು ಹೇಳಿದ ಮೇಲೆ ವಿನಯ ಎಂಬುದನ್ನೂ ಸೇರಿಸಿದರು, 13 ಆಯಿತು. ಒಂದು ಗುಣಕ್ಕೆ ಒಂದು ಪುಟ. ಪುಟದಲ್ಲಿ ಕೆಂಪು ಶಾಯಿಯ ಗೆರೆ, ಅಡ್ಡಕ್ಕೆ ವಾರದ 7 ದಿನ, ಉದ್ದಕ್ಕೆ 13 ಸಾಲು. ರಾತ್ರಿ ಕೂತು, ಆ ದಿನ ತಪ್ಪಿದ ಕಡೆ ಒಂದು ಕಪ್ಪು ಚುಕ್ಕೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಲಿಲ್ಲ, ಅದೇ ಅದರ ಗುಟ್ಟು. ವಾರಕ್ಕೆ ಒಂದು ಗುಣಕ್ಕೆ ಮಾತ್ರ ಪೂರ್ತಿ ಗಮನ. ತೋಟದ ಕಳೆಯನ್ನು ಒಂದೊಂದು ಮಡಿಯಾಗಿ ಕೀಳುವ ಹಾಗೆ ಅಂತ ಅವರೇ ಹೋಲಿಸಿದ್ದಾರೆ, ರೈತರಾದ ನಮಗೆ ಬೇಗ ಅರ್ಥವಾಯಿತು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು.

ಅದೇ ಪುಸ್ತಕದಲ್ಲಿ ದಿನಚರಿಯೂ ಇತ್ತು. ಬೆಳಿಗ್ಗೆ 5ಕ್ಕೆ ಏಳೋದು, ಪ್ರಾರ್ಥನೆ, ಆ ದಿನದ ಕೆಲಸ ಗೊತ್ತು ಮಾಡಿಕೊಳ್ಳೋದು, ಸ್ವಲ್ಪ ಓದು. 8ರಿಂದ 12 ಕೆಲಸ. ಮಧ್ಯಾಹ್ನ ಊಟ, ಲೆಕ್ಕದ ಪುಸ್ತಕ ನೋಡೋದು. 2ರಿಂದ 6 ಮತ್ತೆ ಕೆಲಸ. ಸಂಜೆ ಸಾಮಾನು ಜಾಗಕ್ಕೆ ಇಡೋದು, ಊಟ, ಸಂಗೀತ, ಮಾತುಕತೆ, ದಿನ ಹೇಗೆ ಕಳೆಯಿತು ಅಂತ ನೋಡಿಕೊಳ್ಳೋದು. 10ಕ್ಕೆ ನಿದ್ದೆ.

ಅದನ್ನು ಚಾಚೂ ತಪ್ಪದೆ ನಡೆಸಿದರು ಅಂತ ನೀವು ತಿಳಿದರೆ ತಪ್ಪು. ಅವರು ಸೋತದ್ದೇ ಅಚ್ಚುಕಟ್ಟಿನಲ್ಲಿ. ಗಿರಾಕಿ ಯಾವಾಗ ಬರ್ತಾನೋ ಆಗಲೇ ಮಾತಾಡಿಸಬೇಕು, ವೇಳಾಪಟ್ಟಿ ಎಲ್ಲಿ ನಿಲ್ಲುತ್ತೆ? ಕಾಗದ ಪತ್ರ ಸರಿಯಾಗಿ ಇಟ್ಟು ರೂಢಿಯಿಲ್ಲ, ಜ್ಞಾಪಕ ಶಕ್ತಿ ಚೆನ್ನಾಗಿತ್ತು, ಅದನ್ನೇ ನಂಬಿದರು. ವಯಸ್ಸಾಗಿ ಮರೆವು ಬಂದಾಗ ಅದರ ಕಷ್ಟ ಗೊತ್ತಾಯಿತು. ಇದನ್ನು ಓದಿದಾಗ ನಮ್ಮ ಸಾಲದ ವಾಯಿದೆ ನೆನಪಾಯಿತು.

ಇದಕ್ಕೆ ಅವರೇ ಒಂದು ಕಥೆ ಹೇಳಿದ್ದಾರೆ. ಒಬ್ಬ ಕಮ್ಮಾರನ ಹತ್ತಿರ ಕೊಡಲಿ ಕೊಂಡು, ಅಲಗಿನಂತೆ ಪೂರ್ತಿ ಫಳಫಳ ಹೊಳೆಯಬೇಕು ಅಂದನಂತೆ. ಸಾಣೆ ಚಕ್ರ ನೀನೇ ತಿರುಗಿಸು ಅಂದ ಕಮ್ಮಾರ. ತಿರುಗಿಸಿ ತಿರುಗಿಸಿ ಸುಸ್ತಾಗಿ, ಮಚ್ಚೆ ಮಚ್ಚೆ ಇರೋ ಕೊಡಲಿಯೇ ಚೆಂದ ಅಂತ ಎತ್ತಿಕೊಂಡು ಹೋದ. ತಾವೂ ಎಷ್ಟೋ ಸಲ ಅವನ ಹಾಗೆ ಆಗಲು ನೋಡಿದ್ದುಂಟು ಎಂದು ಫ್ರಾಂಕ್ಲಿನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಆದರೂ ಬಿಡಲಿಲ್ಲ. ಹಳೆ ಚುಕ್ಕೆ ಕೆರೆದು ಕೆರೆದು ಕಾಗದ ತೂತು ಬಿದ್ದಾಗ ಆನೆ ದಂತದ ಹಾಳೆಗಳ ಪುಸ್ತಕ ಮಾಡಿಕೊಂಡರು. ಅದರಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ, ಒದ್ದೆ ಸ್ಪಂಜಿನಿಂದ ಒರೆಸಬಹುದಿತ್ತು.

ಇಂಥವರು ಒಬ್ಬರೇ ಉದ್ಧಾರವಾಗಲಿಲ್ಲ ಎನ್ನುವುದು ಸಹಕಾರಿಗಳಾದ ನಾವು ಗಮನಿಸಬೇಕಾದ್ದು. 1731ರಲ್ಲಿ ಚಂದಾ ಕೂಡಿಸಿ ಗ್ರಂಥಾಲಯ, 1736ರಲ್ಲಿ ಬೆಂಕಿ ಆರಿಸುವ ಸಂಘ. 1752ರಲ್ಲಿ ಮನೆ ಯಜಮಾನರೆಲ್ಲ ಸೇರಿ ಹಣ ಹಾಕಿ, ಬೆಂಕಿ ಬಿದ್ದವರ ನಷ್ಟ ತುಂಬುವ ವಿಮಾ ಸಂಘ. ಅದು ಫಿಲಡೆಲ್ಫಿಯಾದಲ್ಲಿ ಈಗಲೂ ನಡೆಯುತ್ತಿದೆ. ಸಿಡಿಲಿನಲ್ಲಿರುವುದು ವಿದ್ಯುತ್ತೇ ಎಂದು ತೋರಿಸಿ, ಮನೆ ಕಾಯಲು ಸಿಡಿಲು ಕಂಬ ಕೊಟ್ಟವರೂ ಅವರೇ. 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು, ನಂತರ ಫ್ರಾನ್ಸಿನಲ್ಲಿ ದೇಶದ ರಾಯಭಾರಿಯಾಗಿದ್ದು 1785ರಲ್ಲಿ ಹಿಂದಿರುಗಿದರು.

ಒಂದು ಮಾತು ಮುಚ್ಚಿಡಬಾರದು. ನ್ಯಾಯ ಎಂಬ ಸಾಲು ಅವರ ಪುಸ್ತಕದಲ್ಲಿ ಇತ್ತು, ಆದರೂ ಬಹಳ ವರ್ಷ ಅವರ ಮನೆಯಲ್ಲಿ ಗುಲಾಮರಿದ್ದರು. ಆ ಕಡೆ ಚುಕ್ಕೆ ಹಾಕಿಕೊಳ್ಳಲು ಬಹಳ ತಡ ಮಾಡಿದರು. 1787ರಲ್ಲಿ ಗುಲಾಮಗಿರಿ ತೊಡೆಯುವ ಸಂಘದ ಅಧ್ಯಕ್ಷರಾದರು. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಕೊನೆಗೆ ಓಡಾಟ ಜಾಸ್ತಿಯಾಗಿ ಚುಕ್ಕೆ ಹಾಕೋದು ನಿಂತಿತ್ತಾದರೂ ಪುಸ್ತಕ ಮಾತ್ರ ಯಾವಾಗಲೂ ಜೊತೆಗಿತ್ತು.

ನಾವೂ ಈಗ ಹತ್ತು ರೂಪಾಯಿಯ ಒಂದು ನೋಟ್ ಬುಕ್ಕು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದೇವೆ. ಹಾಲು ಕರೆದು ಬಂದ ಮೇಲೆ ಆ ದಿನದ ಮೂರು ಕೆಲಸ ಬರೆಯೋದು, ರಾತ್ರಿ ಮುಗಿದದ್ದನ್ನು ಹೊಡೆದು ಹಾಕೋದು, ಅಷ್ಟೇ. ಈ ಸಲ ಸಾಲವನ್ನು ವಾಯಿದೆಗೆ ನಾಲ್ಕು ದಿನ ಮುಂಚೆ ಕಟ್ಟಿದೆವು. ಕೊಟ್ಟಿಗೆಯ ಹೆಂಚು ಬದಲಾಯಿಸೋದು ಮಾತ್ರ ಹನ್ನೊಂದು ವಾರದಿಂದ ಪುಟದಿಂದ ಪುಟಕ್ಕೆ ಹೋಗ್ತಾನೇ ಇದೆ.